ಸಲಹೆ ಯಾವ ಊರಿನದು ಅಂತ ಮೊದಲು ಕೇಳಿ

ಎಲ್ಲರಿಗೂ ನಮಸ್ಕಾರ.

ಇವತ್ತು ಹೂಗಿಡ, ಕಡ್ಡಿ ಹಂಚಿಕೊಳ್ಳಲು ಚಿಕ್ಕಮಗಳೂರಿಗೆ ಕಡೂರು, ತರೀಕೆರೆಯಿಂದ ಬಂದವರೂ ಇದ್ದೀರಿ, ಕೊಪ್ಪ, ಶೃಂಗೇರಿ ಕಡೆಯವರೂ ಇದ್ದೀರಿ. ಜಿಲ್ಲೆ ಒಂದೇ. ಆದರೆ ಕಡೂರಿನ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಆದರೆ, ಶೃಂಗೇರಿ ಕಡೆ 3000 ದಾಟುತ್ತದೆ. ಗಿಡದ ಲೆಕ್ಕದಲ್ಲಿ ಇವು ಎರಡು ಬೇರೆ ದೇಶಗಳೇ. ನಾವು ಮಾಡುವುದೇನು? ನೆಂಟರ ಮನೆಗೆ ಹೋದಾಗ ಅಂಗಳದಲ್ಲಿ ಚೆನ್ನಾಗಿ ಬಂದ ಗಿಡ ನೋಡಿ ಒಂದು ಕಡ್ಡಿ ಮುರಿದುಕೊಳ್ಳುತ್ತೇವೆ, "ಇದಕ್ಕೆ ಏನು ಹಾಕ್ತೀರಿ ಅತ್ತಿಗೆ?" ಅಂತ ಕೇಳುತ್ತೇವೆ, ಅವರು ಹೇಳಿದ್ದನ್ನೇ ನಮ್ಮ ಮನೆಯಲ್ಲೂ ಮಾಡುತ್ತೇವೆ, ಗಿಡ ಒಣಗಿದಾಗ ನನ್ನ ಕೈಗುಣವೇ ಸರಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಕೈಗುಣದ ಮಾತು ಬಿಡಿ. ಏನು ಹಾಕ್ತೀರಿ ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಮಣ್ಣು ಎಂಥದ್ದು, ನೀರು ಎಲ್ಲಿಯದು, ಬಿಸಿಲು ಎಷ್ಟು ಹೊತ್ತು ಅಂತ.

ದೊಡ್ಡ ಗೊಂಚಲು ಹೂ ಬಿಡುವ ಹೈಡ್ರಾಂಜಿಯವನ್ನೇ ತಗೊಳ್ಳಿ. ಕೊಪ್ಪದ ಮನೆಯಂಗಳದಲ್ಲಿ ನೀಲಿ ಹೂ ಬಿಟ್ಟ ಗಿಡದ ಕಡ್ಡಿ ಕಡೂರಿನಲ್ಲಿ ಗುಲಾಬಿ ಬಣ್ಣದ ಹೂ ಬಿಡಬಹುದು. ಬೇರೆ ಕಡ್ಡಿ ಕೊಟ್ಟು ಯಾಮಾರಿಸಿದರು ಅಂತ ಜಗಳ ಬೇಡ. ಗಿಡ ಅದೇ, ಮಣ್ಣು ಬೇರೆ. ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಸುಣ್ಣದಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ ಅಲ್ವಾ? ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿಗೆ ಸೇರಿದರೆ ನೀಲಿ. ಮಣ್ಣಿನ ಹುಳಿ ಅಳೆಯುವ ಪಿಎಚ್ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ; ಅದು 5.5ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ಇದ್ದರೆ ನೇರಳೆ, ಕೆಲವೊಮ್ಮೆ ಒಂದೇ ಗಿಡದಲ್ಲಿ ಎರಡೂ ಬಣ್ಣ. ಹೊಸ ಮನೆಯ ಗೋಡೆ ಪಕ್ಕ ನೆಟ್ಟರೆ ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದು ಮಲೆನಾಡಿನಲ್ಲೂ ಹೂ ಗುಲಾಬಿಯಾಗುವುದುಂಟು. ಒಲೆಯ ಬೂದಿ ಸುರಿಯುವ ಅಭ್ಯಾಸ ಇದ್ದರೂ ಹಾಗೇ. ಬಿಳಿ ತಳಿ ಮಾತ್ರ ಯಾವ ಮಣ್ಣಿನಲ್ಲೂ ನೀಲಿಯಾಗುವುದಿಲ್ಲ, ಅದಕ್ಕೆ ದುಡ್ಡು ಖರ್ಚು ಮಾಡಬೇಡಿ.

ಕಾಫಿ ಸೀಮೆಯಲ್ಲಿ ಇನ್ನೊಂದು ನಂಬಿಕೆ ಗಟ್ಟಿಯಾಗಿದೆ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗಿ ಹೂ ನೀಲಿಯಾಗುತ್ತದೆ ಅಂತ. ಹುಳಿಯ ಬಹುಪಾಲು ಡಿಕಾಕ್ಷನ್ ಜೊತೆ ಇಳಿದು ನಮ್ಮ ಹೊಟ್ಟೆಗೆ ಹೋಗಿರುತ್ತದೆ. ಉಳಿದ ಚರಟದಲ್ಲಿ ಅಷ್ಟೇನೂ ಹುಳಿ ಇರುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ, ಒಳ್ಳೆಯದು. ಎಳೆ ಸಸಿಯ ಬುಡಕ್ಕೆ ದಪ್ಪಗೆ ಹಾಕಬೇಡಿ, ಸಸಿ ಏಳುವುದಿಲ್ಲ. ನೀಲಿಯೇ ಬೇಕು ಅನ್ನುವವರು ಪಟಿಕವನ್ನು ನೀರಿನಲ್ಲಿ ತೆಳ್ಳಗೆ ಕರಗಿಸಿ ಆಗಾಗ ಹಾಕಬಹುದು, ಅದರಲ್ಲಿ ಅಲ್ಯೂಮಿನಿಯಂ ಇದೆ. ಹೆಚ್ಚಾದರೆ ಬೇರು ಸುಡುತ್ತದೆ. ಮತ್ತೆ, ಮೂಳೆ ಗೊಬ್ಬರವನ್ನು ಧಾರಾಳವಾಗಿ ಹಾಕಿ ನೀಲಿ ಬರಲಿಲ್ಲ ಅಂದರೆ ಹೇಗೆ? ಅದರ ರಂಜಕ (ಫಾಸ್ಫರಸ್) ಅಲ್ಯೂಮಿನಿಯಂ ಅನ್ನು ಮಣ್ಣಿನಲ್ಲೇ ಹಿಡಿದಿಟ್ಟುಬಿಡುತ್ತದೆ.

ಎಲೆ ಬೇಕಾದಷ್ಟು, ಹೂವೇ ಇಲ್ಲ ಅನ್ನುವವರು ಕತ್ತರಿ ಆಡಿಸಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ನಮ್ಮ ಮನೆಗಳಲ್ಲಿರುವ ಮಾಮೂಲಿ ಹೈಡ್ರಾಂಜಿಯ ಹಳೇ ರೆಂಬೆಯ ತುದಿಯಲ್ಲೇ ಮುಂದಿನ ವರ್ಷದ ಮೊಗ್ಗು ಕಟ್ಟಿಕೊಂಡಿರುತ್ತದೆ. ಡಿಸೆಂಬರಿನಲ್ಲಿ ಅಂಗಳ ಚೊಕ್ಕ ಮಾಡುವಾಗ ಎಲ್ಲವನ್ನೂ ಸಮನಾಗಿ ಕತ್ತರಿಸಿದರೆ ಹೂವನ್ನೇ ಕತ್ತರಿಸಿದ ಹಾಗೆ. ಹೂ ಬಾಡಿದ ಕೂಡಲೇ ಕತ್ತರಿಸಿ, ಆಮೇಲೆ ಮುಟ್ಟಬೇಡಿ.

ಈಗ ಡೇರೆ, ಅಂದರೆ ಡಾಲಿಯ ಹೂ. ಮಲೆನಾಡಿನ ಮಳೆಗಾಲದ ಅಂಗಳಕ್ಕೆ ಡೇರೆ ಹೂ ಇಲ್ಲದಿದ್ದರೆ ಕಳೆಯೇ ಇಲ್ಲ. ಇದು ಮೆಕ್ಸಿಕೋದ ಎತ್ತರದ ಪ್ರದೇಶದ ಗಿಡ. ತಂಪು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ತಂಪು ನಮ್ಮಲ್ಲಿ ಧಾರಾಳವಾಗಿದೆ, ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಕಷ್ಟ. ಮಳೆ ಹಿಡಿಯುವ ಮುಂಚೆ ಮಣ್ಣು ಏರಿಸಿ ಮಡಿ ಮಾಡಿ ನೆಡಿ. ಆಸರೆ ಕೋಲನ್ನು ನೆಡುವಾಗಲೇ ಹುಗಿದುಬಿಡಿ, ಗಿಡ ದೊಡ್ಡದಾದ ಮೇಲೆ ಹುಗಿದರೆ ಗೆಡ್ಡೆಗೇ ಚುಚ್ಚುತ್ತದೆ.

ಡೇರೆ ಗೆಡ್ಡೆ ಹಂಚುವಾಗ ಒಂದು ಎಚ್ಚರ ಬೇಕು. ಅದು ಆಲೂಗಡ್ಡೆ ಅಲ್ಲ, ಮೈತುಂಬ ಕಣ್ಣಿರುವುದಿಲ್ಲ. ಚಿಗುರುವ ಕಣ್ಣು ಇರುವುದು ಕಾಂಡದ ಬುಡದಲ್ಲಿ, ಗೆಡ್ಡೆ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಜಾಗದಲ್ಲಿ. ಎಷ್ಟೇ ದಪ್ಪ ಗೆಡ್ಡೆ ಕೊಟ್ಟರೂ ಕಾಂಡದ ಚೂರು ಅದರ ಜೊತೆ ಬರದಿದ್ದರೆ ಅದು ನೆಲದಲ್ಲಿ ಸುಮ್ನೆ ಮಲಗಿರುತ್ತದೆ. ಪಡೆದವರು ಪಾಪ, ತಿಂಗಳುಗಟ್ಟಲೆ ನೀರು ಹಾಕುತ್ತಾರೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದು, ನೆರಳಿನಲ್ಲಿ ಆರಿಸಿ, ಒಣ ಮರಳಿನಲ್ಲಿ ಹುದುಗಿಸಿಡಿ. ಒಡೆದು ಬೇರೆ ಮಾಡುವ ಕೆಲಸವನ್ನು ಕಣ್ಣು ಉಬ್ಬಿದ ಮೇಲೆ ಮಾಡಿದರೆ ತಪ್ಪುವುದಿಲ್ಲ.

ಬಯಲು ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮಲ್ಲಿ ಚೆನ್ನಾಗಿ ಬರುವ ಕಾಗದದ ಹೂ ಶೃಂಗೇರಿಯವರನ್ನು ಅಳಿಸುತ್ತದೆ. ಬೇರು ಸ್ವಲ್ಪ ಒಣಗಬೇಕು, ಬಿಸಿಲು ಸುಡಬೇಕು, ಆಗಲೇ ಅದಕ್ಕೆ ಹೂವಿನ ನೆನಪು. ನೀರು, ಗೊಬ್ಬರ ಜಾಸ್ತಿಯಾದರೆ ಬರೀ ಎಲೆ. ಆದರೆ ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಇಕ್ಸೋರದ (ಕೇಪಳ ಹೂವಿನ ಗಿಡದ) ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯಬಹುದು. ನೀರು ಸಾಲಲಿಲ್ಲ ಅಂತ ಇನ್ನೂ ಸುರಿಯಬೇಡಿ. ಗಡಸು ನೀರಿನ ಸುಣ್ಣ ಮಣ್ಣಿಗೆ ಸೇರುತ್ತದೆ, ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಳೆ ನೀರು ಹಿಡಿದಿಟ್ಟು ಹಾಕಿ, ಕೊಳೆತ ಎಲೆಗೊಬ್ಬರ ಕೊಡಿ, ಬೂದಿ ದೂರ ಇಡಿ.

ಸೇವಂತಿಗೆಗೆ ಮಣ್ಣಿಗಿಂತ ಕತ್ತಲೆ ಮುಖ್ಯ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಅದು. ಗೇಟಿನ ಬೀದಿ ದೀಪ ರಾತ್ರಿಯಿಡೀ ಮೇಲೆ ಬೀಳುತ್ತಿದ್ದರೆ ಯಾವ ಗೊಬ್ಬರವೂ ಕೆಲಸ ಮಾಡುವುದಿಲ್ಲ. ಕುಂಡವನ್ನು ಹಿತ್ತಲಿಗೆ ಇಡಿ, ಅಷ್ಟೇ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್ಸೆಟಿಯಕ್ಕೂ ಇದೇ ಮಾತು.

ಕೊನೆಗೆ ಹಂಚುವ ವಿಷಯ. ಸಿಕ್ಕಿದ್ದನ್ನೆಲ್ಲ ಹಂಚಬೇಡಿ. ಲಂಟಾನ 19ನೇ ಶತಮಾನದ ಶುರುವಿನಲ್ಲಿ ಕಲ್ಕತ್ತದ ತೋಟಕ್ಕೆ ಚೆಂದಕ್ಕೆಂದೇ ಬಂದ ಗಿಡ, ಇವತ್ತು ಕಾಡಿನಲ್ಲಿ ಹುಲ್ಲು ಹುಟ್ಟುವ ಜಾಗವನ್ನೆಲ್ಲ ಅದೇ ನುಂಗುತ್ತಿದೆ. ಇನ್ನು ಇವತ್ತು ತಗೊಂಡು ಹೋಗುವ ಕಡ್ಡಿ, ಕುಂಡಗಳ ಎಲೆಯ ಅಡಿಭಾಗ, ಗೆಣ್ಣಿನ ಸಂದಿ ನೋಡಿಕೊಳ್ಳಿ. ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ದಾಸವಾಳದ ಮೇಲೆ ಕೂತು ಬರುತ್ತದೆ, ಇರುವೆಗಳೇ ಅದನ್ನು ಪಕ್ಕದ ಗಿಡಕ್ಕೆ ದಾಟಿಸುತ್ತವೆ, ಕಾಫಿ ಗಿಡಕ್ಕೂ ಹಿಟ್ಟು ತಿಗಣೆಯ ಕಾಟ ಇದ್ದೇ ಇದೆ. ಹೊಸ ಗಿಡವನ್ನು ಒಂದೆರಡು ವಾರ ಬೇರೆ ಕಡೆ ಇಡಿ. ಕೊಡುವವರು ಒಂದು ಚೀಟಿಯಲ್ಲಿ ಊರು, ನೀರು, ಬಿಸಿಲು ಮೂರನ್ನೂ ಬರೆದು ಕಡ್ಡಿಗೆ ಕಟ್ಟಿ ಕೊಡಿ. ಚೀಟಿ, ದಾರ ಅಲ್ಲೇ ಬಾಗಿಲ ಹತ್ತಿರದ ಮೇಜಿನ ಮೇಲಿವೆ.