ಪರದೆ, ಪೇಟಿ, ಮೈಕು

ಸ್ನೇಹಿತರೆ,

ಈಗ ನೋಡಲಿರುವ ‘ಷೇಕ್ಸ್‌ಪಿಯರ್ ವಾಲಾ’ 1965ರ ಕಪ್ಪು-ಬಿಳುಪು ಚಿತ್ರ. ನಿರ್ದೇಶನ ಜೇಮ್ಸ್ ಐವರಿ, ಛಾಯಾಗ್ರಹಣ ಸುಬ್ರತ ಮಿತ್ರ, ಸಂಗೀತ ಸತ್ಯಜಿತ್ ರಾಯ್. ಊರೂರು ತಿರುಗಿ ನಾಟಕವಾಡುವ ಇಂಗ್ಲಿಷ್ ಕುಟುಂಬವೊಂದರ ಕತೆ. ಅದರಲ್ಲಿ ನಟಿಸಿದ ಕೆಂಡಲ್ ಮನೆಯವರು ನಿಜಕ್ಕೂ ಭಾರತದಲ್ಲಿ ಇದೇ ಕೆಲಸ ಮಾಡಿದವರು. ಚಿತ್ರದಲ್ಲಿ ‘ಒಥೆಲೊ’ ನಾಟಕ ನಡೆದಿರುವಾಗ ಸಿನಿಮಾ ತಾರೆ ಮಂಜುಳಾ ತಡವಾಗಿ ಬರುತ್ತಾಳೆ, ಜನ ರಂಗ ಬಿಟ್ಟು ಅವಳತ್ತ ತಿರುಗುತ್ತಾರೆ. ಆ ಪಾತ್ರಕ್ಕೆ ಮಧುರ್ ಜಾಫ್ರಿ ಅವರಿಗೆ ಬರ್ಲಿನ್ನಿನಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ದೃಶ್ಯವೇನೋ ಸೊಗಸಾಗಿದೆ. ಆದರೆ ಸಿನಿಮಾ ಬಂತು, ನಾಟಕ ಹೋಯಿತು ಎಂಬ ಲೆಕ್ಕ ನಮ್ಮ ಕಡೆಯ ನಾಟಕ ಕಂಪನಿಗಳಿಗೆ ಪೂರ್ತಿ ಹೊಂದುವುದಿಲ್ಲ. ಗದಗಿನಲ್ಲಿ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತು. ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕೂ ನಾಟಕ ಕಂಪನಿ ದುಡಿದಿದೆ. ಟಾಕೀಜು ಬಂದ ಮೇಲೆ ಕಂಪನಿಗಳು ಸಿನಿಮಾದ ಧಾಟಿಗಳನ್ನೇ ಎತ್ತಿಕೊಂಡು ಬದುಕಿದವು. ಪೆಟ್ಟು ಬಿದ್ದದ್ದು ಬೇರೆ ಕಡೆ.

ನಾಟಕದ ಪರದೆ ನೋಡಿ. ಮಾದರಪಾಟದ, ಅಂದರೆ ಒರಟು ಹತ್ತಿ ಬಟ್ಟೆಯ, ಮೇಲೆ ಬರೆದ ರಸ್ತೆ, ದರ್ಬಾರು, ಕಾಡು. ತಳಕ್ಕೊಂದು ಬಿದಿರ ಗಳ; ಅದರ ಎರಡೂ ತುದಿಗೆ ಸುತ್ತಿದ ಹಗ್ಗ ಮೇಲಿನ ರಾಟಿ ದಾಟಿ ಒಂದೇ ಬದಿಗೆ ಇಳಿಯುತ್ತದೆ. ಎರಡನ್ನೂ ಸಮನಾಗಿ ಜಗ್ಗಿದರೆ ಪರದೆ ಸುರುಳಿ ಸುತ್ತಿ ಏರುತ್ತದೆ. ಒಂದು ಹಗ್ಗ ಮುಂದಾಯಿತೋ, ಅರಮನೆ ವಾಲಿತು. ನೆನೆದರೆ ಅಂಟಿನ ಬಣ್ಣ ಕರಗಿ ಕಂಬಗಳೆಲ್ಲ ಕೆಳಗೆ ಹರಿಯುತ್ತವೆ. ರಸ್ತೆ ಬರೆದ ಪರದೆ ಉಳಿದವಕ್ಕಿಂತ ಮುಂದಿರುತ್ತದೆ. ಅದರೆದುರು ಹಾಸ್ಯ ನಡೆಯುವಷ್ಟರಲ್ಲಿ ಹಿಂದೆ ದರ್ಬಾರು ಸಜ್ಜಾಗಬೇಕು. ಹಾಸ್ಯ ಉದ್ದವಾಯಿತೆಂದು ಗೊಣಗುವವರಿಗೆ ಸಿಂಹಾಸನ ಹೊರುತ್ತಿರುವವರು ಕಾಣುವುದಿಲ್ಲ!

ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಅಂದರೆ ಕಾಲುಪೇಟಿಯ ಏರು ಶ್ರುತಿಗೆ ಹಾಡಿ ಕಡೆಯ ಸಾಲಿಗೆ ದನಿ ಮುಟ್ಟಿಸುತ್ತಿದ್ದ ಕಾಲ ಮೈಕಿನಿಂದ ಮುಗಿಯಿತು. ಮೂರು-ನಾಲ್ಕು ಮೈಕು ತಲೆಯ ಮೇಲೆ ತೂಗಿದವು. ನಟ ಎರಡು ಹೆಜ್ಜೆ ಆಚೆ ಸರಿದರೆ ಮಾತು ಅರ್ಧ ನುಂಗಿಹೋಗುತ್ತದೆ. ಹಾಗಾಗಿ ತಂದೆ, ಮಗ, ಖಳನಾಯಕ ಎಲ್ಲರೂ ಸಾಲಾಗಿ ಜನರಿಗೆ ಮುಖ ಮಾಡಿ ನಿಂತೇ ಜಗಳವಾಡುವುದು ರೂಢಿಯಾಯಿತು. ಸ್ಪೀಕರು ಮೈಕಿನ ಹಿಂದಿದ್ದರೆ ಅದರ ಸದ್ದು ಮತ್ತೆ ಮೈಕಿಗೇ ಹೊಕ್ಕು ಕೂಗೇಳುತ್ತದೆ, ಅದಕ್ಕೇ ಅದನ್ನು ರಂಗದ ಅಂಚಿನಿಂದ ಮುಂದಿಡಬೇಕು. ನಾಟಕದ ಕೊಟ್ಟಿಗೆಯ ತಗಡಿನ ಮೇಲೆ ಮಳೆ ಸುರಿದರೆ ಯಾವ ಮೈಕೂ ಕೆಲಸಕ್ಕಿಲ್ಲ.

ಇನ್ನು ಜಾಗ. ಬಸ್‌ಸ್ಟ್ಯಾಂಡಿಗೆ ಹತ್ತಿರದ ಸಮತಟ್ಟಾದ ಬಯಲು ಬೇಕು. ಊರಾಚೆ ತಗಡು ಹೂಡಿದರೆ ರಾತ್ರಿ ಆಟಕ್ಕೆ ಹೆಣ್ಣುಮಕ್ಕಳು ಬರುವುದು ಕಷ್ಟ, ಊರೊಳಗಿನ ಬಯಲಿನಲ್ಲಿ ಅಂಗಡಿ ಕಾಂಪ್ಲೆಕ್ಸು ಎದ್ದಿದೆ. ಒಂದು ಊರಿನ ಮೊಕ್ಕಾಂ ಕಿತ್ತರೆ ತಗಡು, ಕಂಬ, ಕುರ್ಚಿ, ಟ್ರಂಕು, ಒಲೆ, ಮಕ್ಕಳು ಎಲ್ಲ ಲಾರಿ ಏರಬೇಕು. ಕಿತ್ತು ಮತ್ತೆ ಹೂಡುವ ದಿನಗಳಲ್ಲಿ ಆಟವಿಲ್ಲ, ಗಳಿಕೆಯಿಲ್ಲ. ಊಟದ ಖರ್ಚು ಮಾತ್ರ ನಿಲ್ಲುವುದಿಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಅಷ್ಟು ಕಂಪನಿಗಳು ಒಟ್ಟಿಗೆ ಬರುವುದು ಸುಮ್ಮನಲ್ಲ, ಅಲ್ಲಿ ಜನ ತಾವಾಗಿ ನೆರೆದಿರುತ್ತಾರೆ.

ಈ ಚಿತ್ರದಲ್ಲೂ ತಂಡದ ಕಾರು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಮಂಜುಳಾಳ ದೃಶ್ಯಕ್ಕಿಂತ ಅದನ್ನು ಗಮನವಿಟ್ಟು ನೋಡಿ. ದೀಪ ಆರಿಸಬಹುದು.