ಸೊಂಟಕ್ಕೆ ಬಿಗಿದ ಮಗ್ಗ

ಗೆಳೆಯರೇ,

ಮಧ್ಯ ಅಮೆರಿಕದ ಗ್ವಾಟೆಮಾಲಾದ ಮೂಲನಿವಾಸಿ ಮಾಯಾ ನೇಕಾರ ಹೆಂಗಸರ ವಿಷಯ ಬಂದಾಗಲೆಲ್ಲ ‘ನೂಲಿನಿಂದ ಗಾಯ ಹೊಲಿದರು’ ಎಂಬ ಮಾತು ಕೇಳಿಬರುತ್ತದೆ. ಆ ಮಾತಿನೊಂದಿಗೆ ನನಗೆ ಜಗಳವಿದೆ. ಗಾಯ ಮಾಡಿದವರು ಯಾರೆಂದು ಅದು ಹೇಳುವುದೇ ಇಲ್ಲ.

1960ರಿಂದ 1996ರವರೆಗೆ ಸರ್ಕಾರಕ್ಕೂ ಗೆರಿಲ್ಲಾ ಬಂಡುಕೋರರಿಗೂ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಬಹುಪಾಲು ಹತ್ಯೆಗಳ ಹೊಣೆ ಸರ್ಕಾರಿ ಪಡೆಗಳದ್ದೆಂದು 1999ರಲ್ಲಿ ಸತ್ಯಶೋಧನಾ ಆಯೋಗ ಬರೆಯಿತು.

ಅಲ್ಲಿನ ಹೆಂಗಸರು ತೊಡುವ ಉಯಿಪಿಲ್ ಎಂಬ ಮೇಲುಡುಗೆಯ ಬಣ್ಣ, ಚಿತ್ತಾರ ನೋಡಿದರೆ ಊರು ಯಾವುದೆಂದು ತಿಳಿಯುತ್ತಿತ್ತು. ಎಂಬತ್ತರ ದಶಕದಲ್ಲಿ ಆ ಗುರುತೇ ಕುತ್ತಾಯಿತು. ಕೆಲವು ಊರುಗಳವರೆಲ್ಲ ಗೆರಿಲ್ಲಾಗಳ ಕಡೆಯವರೆಂದು ಸೇನೆ ತೀರ್ಮಾನಿಸಿದ ಮೇಲೆ, ಓಡಿಹೋದ ಎಷ್ಟೋ ಹೆಂಗಸರು ತಮ್ಮ ಉಡುಗೆಯನ್ನೇ ಬಿಟ್ಟರು. ಮಗ್ಗ ಮಾತ್ರ ಹೊತ್ತೊಯ್ಯುವಷ್ಟು ಹಗುರ: ನಾಲ್ಕಾರು ಕೋಲು, ಒಂದಿಷ್ಟು ನೂಲು. ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ಇನ್ನೊಂದನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದು, ಮೈಯನ್ನು ಹಿಂದಕ್ಕೆ ವಾಲಿಸಿದರೆ ಹಾಸು ಬಿಗಿಯಾಗುತ್ತದೆ. ನೇಯುವವಳ ಮೈಯೇ ಮಗ್ಗದ ಅರ್ಧ ಭಾಗ.

ಕೊಮಲಾಪಾದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ಆ ಊರಿನ ರೊಸಲಿನಾ ತುಯುಕ್ ಅವರ ತಂದೆಯೂ ಗಂಡನೂ ಸೇನೆಯ ಕೈಯಲ್ಲಿ ಕಾಣೆಯಾದರು. 1988ರಲ್ಲಿ ಅವರು ಇತರ ವಿಧವೆಯರೊಡನೆ ಕೊನಾವಿಗುವಾ ಎಂಬ ಸಂಘ ಕಟ್ಟಿದರು. ಅವರ ಒತ್ತಾಯದಿಂದ ಹಳೆಯ ಸೇನಾ ಠಾಣೆಯ ನೆಲವನ್ನು ಅಗೆದಾಗ ಇನ್ನೂರಕ್ಕೂ ಹೆಚ್ಚು ಜನರ ಅವಶೇಷಗಳು ಸಿಕ್ಕವು. ಗ್ವಾಟೆಮಾಲಾದ ಇಂಥ ಗುಂಡಿಗಳಲ್ಲಿ ಮೂಳೆಗಳ ಜೊತೆ ಬಟ್ಟೆಯ ಚೂರುಗಳೂ ಮೇಲೆ ಬರುತ್ತವೆ. ಮುಖವಿಲ್ಲ, ಹೆಸರಿಲ್ಲ, ಆದರೆ ನಡುಪಟ್ಟಿಯ ನೇಯ್ಗೆ ಉಳಿದಿರುತ್ತದೆ. ನೇಯ್ದವಳೇ ಗುಂಡಿಯ ಅಂಚಿನಲ್ಲಿ ನಿಂತಿದ್ದರೆ ತನ್ನ ಕೈಕೆಲಸದ ಗುರುತು ಹಿಡಿಯುವುದಿಲ್ಲವೇ? ಆಮೇಲೆ ಪ್ರಯೋಗಾಲಯ ಏನು ಹೇಳಿದರೂ ಮೊದಲ ಸಾಕ್ಷ್ಯ ಅವಳದು. ‘ಗಾಯ ಹೊಲಿದರು’ ಎನ್ನುವವರು ಈ ಗುಂಡಿಯ ಅಂಚಿಗೆ ಬರಬೇಕು. ಹೊಲಿಯುವ ಮೊದಲು ಅಗೆಯಬೇಕಾಯಿತು.

ಹಾಗೆಂದು ನೇಯ್ಗೆಯಿಂದ ಹೊಟ್ಟೆ ತುಂಬಲಿಲ್ಲವೇ? ತುಂಬಿತು. 1988ರಲ್ಲೇ ಕೆಟ್ಸಾಲ್ಟೆನಾಂಗೊದಲ್ಲಿ ಟ್ರಾಮಾ ಎಂಬ ಸಹಕಾರ ಸಂಘ ಹುಟ್ಟಿತು. ಗಂಡಂದಿರನ್ನು ಕಳೆದುಕೊಂಡವರು ಒಟ್ಟಿಗೆ ನೇಯ್ದು ಮಾರತೊಡಗಿದರು. ತಿಂಗಳುಗಟ್ಟಲೆ ನೇಯ್ದ ಉಯಿಪಿಲ್‌ಗೂ ಪ್ರವಾಸಿಗರು ಚೌಕಾಸಿ ಮಾಡುತ್ತಾರೆ. ನಗಬೇಡಿ, ಸೀರೆ ಅಂಗಡಿಯಲ್ಲಿ ನಾವೂ ಕುಳಿತವರೇ!

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಬಣ್ಣಗಳ ವಿಷಯ ಬಿಡುತ್ತೇನೆ, ಯುದ್ಧಕಾಲದಲ್ಲಿ ಮಾಯಾ ಹೆಂಗಸರ ಮೇಲೆ ಸೈನಿಕರು ನಡೆಸಿದ ಲೈಂಗಿಕ ದೌರ್ಜನ್ಯದ ಸೆಪುರ್ ಸಾರ್ಕೊ ಮೊಕದ್ದಮೆಯನ್ನೂ. ಒಂದನ್ನು ಮಾತ್ರ ಬಿಡಲಾರೆ. ಸಕಟೆಪೆಕೆಸ್‌ನ ಅಫೆಡೆಸ್ ಸಂಘದ ನೇಕಾರರು 2016ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. ಅಜ್ಜಿಯರಿಂದ ಬಂದ ಚಿತ್ತಾರಗಳನ್ನು ಕಂಪನಿಗಳು ನಕಲು ಮಾಡುತ್ತಿವೆ, ಅವುಗಳ ಒಡೆತನ ಸಮುದಾಯಗಳದ್ದೆಂದು ಕಾನೂನು ಹೇಳಬೇಕು ಎಂಬುದು ಅವರ ಬೇಡಿಕೆ. ಯುದ್ಧಕಾಲದಲ್ಲಿ ಯಾವ ಉಡುಗೆ ತೊಟ್ಟರೆ ಜೀವ ಹೋಗುತ್ತಿತ್ತೋ, ಅದರ ಹಕ್ಕನ್ನು ಇಂದು ಅವರು ಬಹಿರಂಗವಾಗಿ, ಅದೇ ಉಡುಗೆ ತೊಟ್ಟು ಕೇಳುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಈಗ ಕೇಳಿ.