ಎಲೆಯ ಎಡಬದಿ

ಕೇಳುಗರಿಗೆ ನಮಸ್ಕಾರ.

ಬದಿಯಡ್ಕದ ಸಮೀಪದಲ್ಲಿ ನನ್ನ ಸೋದರಮಾವನ ಮನೆ. ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ಅವರು ಮೊದಲ ಸಲ ಬಾಳೆಯೆಲೆಯ ಮುಂದೆ ಕುಳಿತ ದಿನ, ಬಲಬದಿಯಲ್ಲಿದ್ದುದನ್ನೆಲ್ಲ ಉಂಡರು. ಎಡಬದಿಯ ಉಪ್ಪಿನಕಾಯಿ, ಪಲ್ಯ, ಅನ್ನದ ಅರ್ಧ ರಾಶಿ ಹಾಗೆಯೇ ಉಳಿದವು. ಸಾಲದ್ದಕ್ಕೆ, ಪಲ್ಯ ಬಡಿಸಲೇ ಇಲ್ಲವೆಂದು ಬೇಸರಪಟ್ಟರು. ನಾವು ಅದನ್ನು ಹಠವೆಂದುಕೊಂಡೆವು. ಅತ್ತೆ ಏನೋ ಹೊಳೆದಂತಾಗಿ ಎಲೆಯನ್ನು ತಿರುಗಿಸಿಟ್ಟಾಗ, ಉಳಿದುದನ್ನೂ ನೆಮ್ಮದಿಯಿಂದ ಉಂಡರು.

ಅವರ ಕಣ್ಣಿನಲ್ಲಿ ದೋಷವಿರಲಿಲ್ಲ. ಪೆಟ್ಟಾದದ್ದು ಬಲ ಮಿದುಳಿನಲ್ಲಿ, ನೆತ್ತಿಯ ಹಿಂಬದಿಗಿರುವ ಸಂಯೋಜಕ ತೊಗಟೆಗೆ; ವೈದ್ಯರು ಅಸೋಸಿಯೇಷನ್ ಕಾರ್ಟೆಕ್ಸ್ ಎನ್ನುವ ಭಾಗಕ್ಕೆ. ಅದರಿಂದಾಗಿ ಎಡಬದಿಯತ್ತ ಅವರ ಗಮನವೇ ಹೋಗುತ್ತಿರಲಿಲ್ಲ.

ಮಿದುಳಿನ ಹೊರಪದರವಾದ ತೊಗಟೆಯ ದಪ್ಪ 2ರಿಂದ 4 ಮಿಲಿಮೀಟರ್ ಮಾತ್ರ. ಕಣ್ಣು, ಕಿವಿ, ಚರ್ಮಗಳ ಸುದ್ದಿಯನ್ನು ಮೊದಲು ಬರಮಾಡಿಕೊಳ್ಳುವ ಜಾಗಗಳೂ ಸ್ನಾಯುಗಳಿಗೆ ನೇರವಾಗಿ ಆಜ್ಞೆ ಕಳುಹಿಸುವ ಜಾಗವೂ ಅದರಲ್ಲಿ ಸಣ್ಣ ಪಾಲು. ಉಳಿದ ದೊಡ್ಡ ಪಾಲೆಲ್ಲ ಸಂಯೋಜಕ ತೊಗಟೆಯೇ; ಬಂದ ಸುದ್ದಿಗಳನ್ನು ಜೋಡಿಸಿ ಅರ್ಥ ಕಟ್ಟುವುದು ಅದರ ಕೆಲಸ. ಮಳೆಗಾಲದ ಇರುಳು ತೋಟದಲ್ಲಿ ದೊಪ್ಪೆಂದು ಸದ್ದಾಯಿತೆನ್ನಿ. ಕಿವಿಯಿಂದ ಬಂದದ್ದು ಬರಿಯ ಸದ್ದು. ಅದು ತೆಂಗಿನಕಾಯಿ ಬಿದ್ದ ಸದ್ದೆಂದು ಗುರುತಿಸುವುದು ಕಿವಿಯ ಮೇಲ್ಬದಿಯ ವಲಯಗಳ ಕೆಲಸ, ಕೆರೆಯ ಕಡೆಯಿಂದ ಬಂತೆಂದು ದಿಕ್ಕು ಹಿಡಿಯುವುದರಲ್ಲಿ ನೆತ್ತಿಯ ಹಿಂಬದಿಯ ವಲಯಗಳ ಪಾಲು ದೊಡ್ಡದು, ಈಗ ಬೇಡ, ಬೆಳಗ್ಗೆ ಹೆಕ್ಕಿದರಾಯಿತೆಂದು ತೀರ್ಮಾನಿಸುವುದು ಹಣೆಯ ಹಿಂದಿನ ವಲಯ.

ಈ ಜೋಡಣೆ ಎಲ್ಲಿ ಕಡಿಯುತ್ತದೆ ಎಂಬುದರ ಮೇಲೆ ನಷ್ಟದ ಬಗೆ ನಿಂತಿದೆ. ಕೆಲವರಿಗೆ ಅಡಕತ್ತರಿಯನ್ನು ತೋರಿಸಿದರೆ, ಕಬ್ಬಿಣದ್ದು, ಎರಡು ಹಿಡಿಗಳಿವೆ ಎಂದು ಸರಿಯಾಗಿ ವರ್ಣಿಸುತ್ತಾರೆ, ಆದರೆ ಅದೇನೆಂದು ತಿಳಿಯದು. ಕೈಗೆ ಕೊಟ್ಟೊಡನೆ ಅಡಕತ್ತರಿ ಎನ್ನುತ್ತಾರೆ. ಕಂಡರೂ ಗುರುತಾಗದ ಈ ಸ್ಥಿತಿಯಲ್ಲಿ ಎರಡು ಬಗೆಗಳಿವೆಯೆಂದು ಜರ್ಮನಿಯ ನರವೈದ್ಯ ಲಿಸ್ಸಾವರ್ 1890ರಲ್ಲಿಯೇ ವಿವರಿಸಿದ್ದರು: ರೂಪವೇ ಕೂಡಿಬರದಿರುವುದು ಒಂದು, ಕೂಡಿಬಂದ ರೂಪಕ್ಕೆ ಅರ್ಥ ಸೇರದಿರುವುದು ಇನ್ನೊಂದು. ಮನೆಯವರ ಮುಖವನ್ನೇ ಗುರುತಿಸಲಾಗದೆ, ದನಿ ಕೇಳಿದ ಮೇಲಷ್ಟೇ ಇವರು ಯಾರೆಂದು ತಿಳಿಯುವವರೂ ಇದ್ದಾರೆ.

ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಸ್ವಭಾವವೇ ಬದಲಾಗಬಹುದು. ಅಮೆರಿಕದ ರೈಲುಮಾರ್ಗದ ಕೆಲಸಗಾರ ಫಿನಿಯಸ್ ಗೇಜ್‌ನ ತಲೆಯನ್ನು 1848ರಲ್ಲಿ ಹಾರೆಯಂತಹ ಕಬ್ಬಿಣದ ಸರಳೊಂದು ತೂರಿಹೋಯಿತು. ಅವನು ಬದುಕಿದ, ಮಾತಾಡಿದ, ನಡೆದಾಡಿದ. ಆದರೆ ಈತ ಹಿಂದಿನ ಗೇಜ್ ಅಲ್ಲವೆಂದು ಪರಿಚಿತರು ಹೇಳುತ್ತಿದ್ದುದನ್ನು ವೈದ್ಯ ಹಾರ್ಲೊ ಬರೆದಿಟ್ಟಿದ್ದಾರೆ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಗಾಡಿ ಓಡಿಸಿದನೆಂಬುದನ್ನು ಹೇಳುವವರು ಕಡಿಮೆ. ನನಗಂತೂ ಅದು ಅಷ್ಟೇ ಮುಖ್ಯವಾದ ಸಂಗತಿ.

ಹಾಗೆ ಚೇತರಿಸಿಕೊಳ್ಳಲೆಂದು ಮಾವನಿಗೂ ಅಭ್ಯಾಸ ಮಾಡಿಸಿದರು. ನೋಟವನ್ನು ಬೇಕೆಂದೇ ಎಡಕ್ಕೆ ಒಯ್ಯಲು ಅಲ್ಲೊಂದು ಗುರುತಿರಬೇಕು ಎಂದು ಚಿಕಿತ್ಸಕರು ತಿಳಿಸಿದ ಮೇಲೆ, ಅತ್ತೆ ಎಲೆಯ ಎಡತುದಿಯಲ್ಲಿ ದಿನವೂ ಒಂದು ಕೆಂಪು ದಾಸವಾಳ ಇಡತೊಡಗಿದರು. ಮಾವ ಅದನ್ನು ಹುಡುಕಿ ಮುಟ್ಟಿದ ಮೇಲೆಯೇ ಅನ್ನ ಬಡಿಸುತ್ತಿದ್ದರು.